ಸ್ವಿಟ್ಜರ್‌ಲೆಂಡ್‌ನಲ್ಲಿ 8 ದಿನ, ಬರೀ ರೈಲಲ್ಲಿ. ಅತ್ತೆಯನ್ನು ಯುಂಗ್‌ಫ್ರೌಯೋಖ್ ಅನ್ನೋ ಎತ್ತರದ ಹಿಮದ ತಾಣಕ್ಕೆ ಕರೆದೊಯ್ಯಬಹುದಾ?

ಕಿಟಕಿ ಸೀಟು:

ಜೂನ್ ಎರಡನೇ ವಾರ ಹೊರಡುತ್ತಿದ್ದೇವೆ. ನಾನು, ಯಜಮಾನರು, 9 ವರ್ಷದ ಮಗ, 66 ವರ್ಷದ ಅತ್ತೆ. ಬೆಟ್ಟದ ತಿರುವುಗಳಲ್ಲಿ ಮಗನಿಗೆ ಕಾರು ಅಂದರೆ ವಾಂತಿ. ಹಾಗಾಗಿ ಪೂರ್ತಿ ರೈಲು.

ಯಜಮಾನರು ಎರಡು ಭಾನುವಾರ ಕೂತು ಮಾಡಿದ ಪ್ಲ್ಯಾನ್ ಇದು: ಜ್ಯೂರಿಕ್ ಒಂದು ರಾತ್ರಿ, ಲುಸರ್ನ್ ಒಂದು, ಇಂಟರ್‌ಲಾಕೆನ್ ಎರಡು, ಜರ್ಮಾಟ್ ಒಂದು, ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಿ ಸೇಂಟ್ ಮೊರಿಟ್ಸ್ ಒಂದು, ಬರ್ನಿನಾ ರೈಲಲ್ಲಿ ಇಟಲಿಯ ತಿರಾನೊ ಮುಟ್ಟಿ ಬಂದು ಜ್ಯೂರಿಕ್ ಒಂದು. ಮ್ಯಾಪ್ ಮೇಲೆ ನೋಡೋಕೆ ಬಹಳ ಚೆಂದ. ಆದರೆ ಏಳು ರಾತ್ರಿಗೆ ಆರು ಹೋಟೆಲು, ಸೂಟ್‌ಕೇಸ್ ಕಟ್ಟೋಳು ನಾನು.

ನನ್ನ ದೊಡ್ಡ ಚಿಂತೆ ಬೆಟ್ಟದ್ದು. ಅತ್ತೆಗೆ ಮಂಡಿನೋವು. ಎರಡು ಮಹಡಿ ಹತ್ತಿದರೆ ಏದುಸಿರು. ಆದರೆ ಹಿಮ ಕೈಯಲ್ಲಿ ಹಿಡಿಯಲೇಬೇಕು ಅಂತ ಅವರ ಆಸೆ. ಯುಂಗ್‌ಫ್ರೌಯೋಖ್ ಹೆಸರನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ! ಅಷ್ಟು ಎತ್ತರ ಅವರಿಗೆ ಸರಿಹೋಗುತ್ತಾ? ಆ ಟಿಕೆಟ್ಟನ್ನು ಈಗಲೇ ತಾರೀಖು ಹಾಕಿ ಕೊಳ್ಳಬೇಕಾ? ಸ್ವಿಸ್ ಟ್ರಾವೆಲ್ ಪಾಸ್ ಒಳ್ಳೆಯದೋ, ಅರ್ಧ ದರಕ್ಕೆ ಟಿಕೆಟ್ ಸಿಗುವ ಹಾಫ್ ಫೇರ್ ಕಾರ್ಡೋ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಳಿ ಹುಚ್ಚ:

ಮೇಡಂ, ಮೊದಲು ಆ ಆರು ಹೋಟೆಲು ಕೈಬಿಡಿ. ಎರಡು ಸಾಕು. ಲುಸರ್ನ್ ಮೂರು ರಾತ್ರಿ, ಬೆಟ್ಟದ ಬುಡದ ಲೌಟರ್‌ಬ್ರುನ್ನೆನ್ ನಾಲ್ಕು ರಾತ್ರಿ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ ಇದೆ, ಒಂದು ಗಂಟೆ ಚಿಲ್ಲರೆಯಲ್ಲಿ ನೇರ ಲುಸರ್ನ್.

ಯುಂಗ್‌ಫ್ರೌಯೋಖ್ ದಿನವನ್ನು ಈಗ ಗೊತ್ತು ಮಾಡಲೇಬೇಡಿ. ನಾನು ಮೂರು ತಿಂಗಳು ಮುಂಚೆ ತಾರೀಖು ಹಾಕಿ ಟಿಕೆಟ್ ಕೊಂಡಿದ್ದೆ. ಜಾಣತನ ಅಂದುಕೊಂಡಿದ್ದೆ. ಮೇಲೆ ಹೋದರೆ ಕಿಟಕಿಗೆ ಯಾರೋ ಒದ್ದೆ ಪಂಚೆ ಕಟ್ಟಿದ ಹಾಗೆ, ಬರೀ ಬಿಳಿ. 23 ಕಿಲೋಮೀಟರ್ ಉದ್ದದ ಆಲೆಚ್ ಹಿಮನದಿ ಇರುವುದು ಆ ಕಡೆಗೇ ಅಂತ ಬೋರ್ಡ್ ನೋಡಿ ನಂಬಬೇಕಾಯಿತು. ಮಾರನೇ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು, ನಾನು ಸೂಟ್‌ಕೇಸ್ ಎಳೆದುಕೊಂಡು ಊರು ಬಿಡುತ್ತಿದ್ದೆ. ನಾಲ್ಕು ರಾತ್ರಿ ಅಂದಿದ್ದು ಅದಕ್ಕೇ. ಬೆಟ್ಟದ ಬುಡದಲ್ಲೇ ಇದ್ದರೆ ಬೆಳಿಗ್ಗೆ ಎದ್ದು ಮೇಲಿನ ಲೈವ್ ಕ್ಯಾಮೆರಾ ನೋಡಿ, ಬಿಸಿಲಿದ್ದರೆ ಹೊರಡಿ. ಮೋಡ ಇದ್ದರೆ ಟ್ರುಮ್ಮೆಲ್‌ಬಾಖ್‌ಗೆ ಹೋಗಿ. ಬೆಟ್ಟದ ಹೊಟ್ಟೆಯೊಳಗೇ ಬೀಳುವ ಹತ್ತು ಜಲಪಾತ, ಅಲ್ಲಿಗೆ ಮೋಡ ಏನು ಮಾಡುತ್ತೆ? ಒಳಗೂ ಲಿಫ್ಟ್ ಇದೆ, ಆದರೆ ಮೆಟ್ಟಿಲು ಒದ್ದೆ ಇರುತ್ತದೆ. ಅತ್ತೆಯವರನ್ನು ಅಲ್ಲಿ ಕೈ ಹಿಡಿದೇ ನಡೆಸಿ.

ಎತ್ತರದ ವಿಷಯ. ಯುಂಗ್‌ಫ್ರೌಯೋಖ್ ಸ್ಟೇಷನ್ ಇರುವುದು 3,454 ಮೀಟರ್‌ನಲ್ಲಿ. ಕೆಳಗೆ ಸಮುದ್ರದ ಮಟ್ಟದಲ್ಲಿ ಸಿಗುವ ಆಮ್ಲಜನಕದ ಸುಮಾರು ಮೂರನೇ ಎರಡು ಭಾಗವಷ್ಟೇ ಅಲ್ಲಿ. ಏದುಸಿರು ಇರುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು, ಇದನ್ನು ನಾನು ಹೇಳೋಕಾಗಲ್ಲ. ಅವರು ಸರಿ ಅಂದರೆ ಹತ್ತುವಾಗ ನಿಧಾನದ ದಾರಿ ಹಿಡಿಯಿರಿ. ಲೌಟರ್‌ಬ್ರುನ್ನೆನ್‌ನಿಂದ ಹಲ್ಲುಗಾಲಿ ರೈಲಲ್ಲಿ ವೆಂಗೆನ್ ದಾಟಿ ಕ್ಲೈನೆ ಶೈಡೆಕ್, 2,061 ಮೀಟರ್. ಅಲ್ಲಿ ಇಳಿದು ಒಂದು ಗಂಟೆ ಸುಮ್ನೆ ಕೂತು ಕಾಫಿ ಕುಡಿಯಿರಿ, ಐಗರ್ ಬೆಟ್ಟ ಎದುರಿಗೇ ನಿಂತಿರುತ್ತದೆ. ಆಮೇಲೆ ಮೇಲಿನ ರೈಲು. ಐಗರ್, ಮೋಂಖ್ ಎರಡೂ ಬೆಟ್ಟ ಕೊರೆದು ಸುಮಾರು 7 ಕಿಲೋಮೀಟರ್ ಸುರಂಗ. 1896ರಲ್ಲಿ ಶುರು ಮಾಡಿ 1912ರಲ್ಲಿ ಮುಗಿಸಿದ್ದು. 2020ರಿಂದ ಐಗರ್ ಎಕ್ಸ್‌ಪ್ರೆಸ್ ಅನ್ನೋ ಕೇಬಲ್ ಕಾರ್ ಇದೆ, ಗ್ರಿಂಡೆಲ್‌ವಾಲ್ಡ್‌ನಿಂದ 15 ನಿಮಿಷದಲ್ಲಿ ಆ ರೈಲಿನ ದಾರಿಯ ಐಗರ್‌ಗ್ಲೆಚರ್ ಸ್ಟೇಷನ್‌ಗೆ ಎತ್ತಿ ಹಾಕುತ್ತದೆ. ಅದನ್ನು ಇಳಿಯೋಕೆ ಇಟ್ಟುಕೊಳ್ಳಿ.

ಇನ್ನೊಂದು, ನನ್ನ ಪೆದ್ದುತನದಿಂದ ಕಲಿತದ್ದು. ಇಂಟರ್‌ಲಾಕೆನ್ ಓಸ್ಟ್‌ನಿಂದ ಹೊರಡುವ ರೈಲು ಝ್ವೈಲ್ಯುಚಿನೆನ್‌ನಲ್ಲಿ ಎರಡು ತುಂಡಾಗುತ್ತದೆ. ಒಂದು ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವಾಗ ಬೋಗಿಯ ಬೋರ್ಡ್ ಓದಿ. ನಾನು ಓದಲಿಲ್ಲ. ಬ್ಯಾಗ್ ಒಂದು ಊರಿಗೆ, ನಾನು ಇನ್ನೊಂದು ಊರಿಗೆ.

ಲೆಕ್ಕದ ಪುಸ್ತಕ:

ಪಾಸಿನ ಬಗ್ಗೆ ನಾನು ಹೇಳುತ್ತೇನೆ. ಟ್ರಾವೆಲ್ ಪಾಸ್ ಇದ್ದರೆ ರೈಲು, ಬಸ್ಸು, ದೋಣಿ, ಊರೊಳಗಿನ ಟ್ರಾಮ್ ಎಲ್ಲಾ ಫ್ರೀ. ಆದರೆ ಯುಂಗ್‌ಫ್ರೌಯೋಖ್‌ಗೆ ಅದು ವೆಂಗೆನ್ ಅಥವಾ ಗ್ರಿಂಡೆಲ್‌ವಾಲ್ಡ್ ತನಕ ಮಾತ್ರ. ಅಲ್ಲಿಂದ ಮೇಲಕ್ಕೆ ಬರೀ 25% ರಿಯಾಯಿತಿ. ಹಾಫ್ ಫೇರ್ ಕಾರ್ಡ್‌ಗೆ ಅಲ್ಲೂ ಅರ್ಧ ದರ. ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿಬರುವ ಪೂರ್ತಿ ಟಿಕೆಟ್ 200 ಫ್ರಾಂಕ್ ದಾಟುತ್ತದೆ, ಹಾಗಾಗಿ ಇದು ಸಣ್ಣ ವ್ಯತ್ಯಾಸ ಅಲ್ಲ. ನಿಮ್ಮ ಯಜಮಾನರ ಪ್ಲ್ಯಾನ್ ಆದರೆ ಪಾಸ್ ಗೆಲ್ಲುತ್ತೆ. ಹಳಿ ಹುಚ್ಚರ ಪ್ಲ್ಯಾನ್ ಆದರೆ ಮೂರು ಜನಕ್ಕೆ ಹಾಫ್ ಫೇರ್ ಗೆಲ್ಲಬಹುದು. ಒಂದೊಂದು ದಿನದ ದರ ಬರೆದು ಕೂಡಿ ನೋಡಿ, ಅರ್ಧ ಗಂಟೆ ಕೆಲಸ.

ಮಗನಿಗೆ ಫ್ಯಾಮಿಲಿ ಕಾರ್ಡ್ ಕೇಳಿ ತಗೊಳ್ಳಿ. ಕಾರ್ಡಿಗೂ ದುಡ್ಡಿಲ್ಲ, ಅವನ ಟಿಕೆಟ್ಟಿಗೂ ಇಲ್ಲ. ಅಪ್ಪ ಅಥವಾ ಅಮ್ಮ ಜೊತೆಗಿರಬೇಕು. ಅಜ್ಜಿ ಜೊತೆ ಮಾತ್ರ ಹೋದರೆ ನಡೆಯಲ್ಲ.

ಹಿಮದ ಹಟ ಇಲ್ಲದಿದ್ದರೆ ನಾನಂತೂ ರಿಗಿ ಬೆಟ್ಟ ಸಾಕು ಅನ್ನುತ್ತಿದ್ದೆ. ಲುಸರ್ನ್‌ನಿಂದ ದೋಣಿಯಲ್ಲಿ ವಿಟ್ಸ್‌ನೌ, ಅಲ್ಲಿಂದ 1871ರ ರೈಲು ಮಾರ್ಗ. ಯುರೋಪಿನ ಮೊದಲ ಬೆಟ್ಟದ ರೈಲು ಅದೇ. ಪಾಸ್ ಇದ್ದರೆ ತುದಿಯ ತನಕ ಫ್ರೀ. 1,800 ಮೀಟರ್ ಮುಟ್ಟಲ್ಲ, ಉಸಿರಿಗೂ ತೊಂದರೆ ಕಮ್ಮಿ.

ಅರ್ಧ ಟಿಕೆಟ್:

ಎಲ್ಲರೂ ಯುಂಗ್‌ಫ್ರೌ ಅಂತೀರಲ್ಲ, ದುಡ್ಡು ಕೊಟ್ಟು ಸುರಂಗ ನೋಡೋದು ಯಾಕೆ? ಗೋರ್ನರ್‌ಗ್ರಾಟ್ ಬೆಟ್ಟ ನೋಡಿ. 1898ರ ರೈಲು, ಜರ್ಮಾಟ್‌ನಿಂದ 33 ನಿಮಿಷ, ದಾರಿ ಹೆಚ್ಚುಕಮ್ಮಿ ಪೂರ್ತಿ ಬಯಲು. ಹತ್ತುವಾಗ ಬಲಗಡೆ ಕೂತರೆ ಮ್ಯಾಟರ್‌ಹಾರ್ನ್ ಶಿಖರ ಜೊತೆಗೇ ಬರುತ್ತದೆ. ಅಲ್ಲೂ 3,089 ಮೀಟರ್, ಡಾಕ್ಟರ್ ಮಾತು ಅದಕ್ಕೂ ಸೇರಿಸಿಯೇ. ಲೌಟರ್‌ಬ್ರುನ್ನೆನ್‌ನಿಂದ ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಹೋಗಿಬರಬಹುದು. ಇಂಟರ್‌ಲಾಕೆನ್ ಓಸ್ಟ್, ಸ್ಪೀಟ್ಸ್, ವಿಸ್ಪ್‌ನಲ್ಲಿ ರೈಲು ಬದಲಿಸಬೇಕು. ಬದಲಿಸೋಕೆ ಐದಾರು ನಿಮಿಷ ಅಂತ ತೋರಿಸಿದರೆ ಗಾಬರಿ ಬೇಡ.

ಲುಸರ್ನ್–ಇಂಟರ್‌ಲಾಕೆನ್ ರೈಲಲ್ಲಿ ಬಲಗಡೆ ಕೂರಿ. ಮೈರಿಂಗೆನ್‌ನಲ್ಲಿ ರೈಲು ಮುಖ ತಿರುಗಿಸಿ ಹೊರಡುತ್ತದೆ. ಎಲ್ಲರೂ ಎದ್ದು ಆಚೆ ಬದಿಗೆ ಹೋಗುತ್ತಾರೆ. ನೀವು ಏಳಬೇಡಿ. ಲುಂಗೆರ್ನ್ ಕೆರೆಯೂ ಬ್ರಿಯೆನ್ಜ್ ಕೆರೆಯೂ ಅದೇ ಕಿಟಕಿಯಲ್ಲೇ ಸಿಗುತ್ತವೆ.

ಕಿಟಕಿ ಸೀಟು:

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ. ಎರಡು ಹೋಟೆಲಿಗೆ ಒಪ್ಪಿದರು. ಬರ್ನಿನಾ ಬಿಟ್ಟಿದ್ದಕ್ಕೆ ಮುಖ ಸಣ್ಣಗಾಗಿದೆ. ಅತ್ತೆಗೆ ಸೋಮವಾರ ಡಾಕ್ಟರ್ ಅಪಾಯಿಂಟ್‌ಮೆಂಟ್. ಅವರದ್ದು ಎರಡು ಪ್ರಶ್ನೆ: ಮೇಲೆ ಬಾತ್‌ರೂಮ್ ಇದೆಯಾ? ಹಿಮ ಮುಟ್ಟೋಕೆ ಎಷ್ಟು ನಡೀಬೇಕು?

ಹಳಿ ಹುಚ್ಚ:

ಬಾತ್‌ರೂಮ್ ಇದೆ, ಊಟವೂ ಇದೆ, ಸ್ಫಿಂಕ್ಸ್ ಅನ್ನುವ ನೋಟದ ಕಟ್ಟೆಗೆ ಲಿಫ್ಟೂ ಇದೆ. ಒಳಗೆ ಸುರಂಗದ ನಡಿಗೆ ಸ್ವಲ್ಪ ಉದ್ದ, ನಿಂತು ನಿಂತು ಹೋಗಲಿ. ಬಾಗಿಲು ದಾಟಿ ಹೊರಗೆ ಕಾಲಿಟ್ಟರೆ ಹಿಮವೇ. ಜೂನ್‌ನಲ್ಲೂ ಸೊನ್ನೆ ಡಿಗ್ರಿ ಆಸುಪಾಸು ಇರುತ್ತದೆ, ಕೈಗವಸು, ಕಪ್ಪು ಕನ್ನಡಕ ಮರೀಬೇಡಿ. ಐಸ್ ಪ್ಯಾಲೇಸ್‌ನಲ್ಲಿ ನೆಲವೇ ಮಂಜುಗಡ್ಡೆ, ಅಲ್ಲಿ ಕಂಬಿ ಬಿಡದೆ ನಡೆಯೋಕೆ ಹೇಳಿ.

ಯಜಮಾನರಿಗೂ ಒಂದು ಮಾತು: ಬರ್ನಿನಾಗೆ ಬೇರೆ ಸಲ ಹೋದಾಗ ಪನೋರಮಾ ಬೋಗಿಗೆ ರಿಸರ್ವೇಶನ್ ಹುಡುಕಬೇಡಿ. ಅದೇ ಹಳಿ ಮೇಲೆ ಮಾಮೂಲಿ ಕೆಂಪು ರೈಲೂ ಓಡುತ್ತದೆ, ಅದಕ್ಕೆ ರಿಸರ್ವೇಶನ್ ಬೇಡ. ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು, ಫೋಟೋದಲ್ಲಿ ಗಾಜಿನ ಪ್ರತಿಬಿಂಬ ಬರಲ್ಲ.