ಹುಮನಾಬಾದ್ ಹತ್ತಿರ ವಿದೇಶಿ ಪಾಲಿನ ಪೆಟ್ರೋಲ್ ಬಂಕ್: ನಡೆಸಿದವರು ದಾರಿ ತೋರಿಸಿ

ಶರಣು. ಹುಮನಾಬಾದ್ ಹತ್ತಿರ, ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಗೆ ಹತ್ತಿಕೊಂಡು ನಮ್ಮದು ಒಂದೂವರೆ ಎಕರೆ ಇದೆ. ವಿದೇಶಿ ಪಾಲು ಇರುವ ಕಂಪನಿಯೊಂದರವರು ಡೀಲರ್‌ಶಿಪ್ ಕೊಡುತ್ತೇವೆ ಎಂದು ಎರಡು ಸಲ ಬಂದು ಹೋದರು. ಸರ್ಕಾರಿ ಕಂಪನಿಯ ಜಾಹೀರಾತು ಬರುವವರೆಗೆ ಕಾಯೋಣ ಎನ್ನುತ್ತಾರೆ ಅಪ್ಪ. ಏನು ಮಾಡಲಿ?

ಕಲಬುರಗಿಯಿಂದ:
ತಮ್ಮಾ, ಸೇಡಂ ರಸ್ತೆಯಲ್ಲಿ ಒಂಬತ್ತು ವರ್ಷ ಖಾಸಗಿ ಕಂಪನಿಯ ಬಂಕ್ ನಡೆಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಬಂಕಿನ ದರ ಕಟ್ಟುವುದು ನಿನ್ನ ಕಂಪನಿಯಲ್ಲ, ಎದುರಿನ ಸರ್ಕಾರಿ ಬಂಕಿನ ಬೋರ್ಡು. ಕಾಗದದ ಮೇಲೆ ಪೆಟ್ರೋಲ್ ದರ 2010ರಲ್ಲಿ, ಡೀಸೆಲ್ ದರ 2014ರಲ್ಲಿ ಸರ್ಕಾರದ ಹಿಡಿತದಿಂದ ಮುಕ್ತವಾಯಿತು. ಆದರೆ ದೇಶದ ಹತ್ತು ಬಂಕ್‌ಗಳಲ್ಲಿ ಒಂಬತ್ತರಷ್ಟು ಸರ್ಕಾರಿ ಕಂಪನಿಗಳವೇ. 2022ರಲ್ಲಿ ಕಚ್ಚಾ ತೈಲ ಗಗನಕ್ಕೇರಿದರೂ ಏಪ್ರಿಲ್ ನಂತರ ಅವು ದರ ಏರಿಸಲಿಲ್ಲ. ನಮ್ಮ ಕಂಪನಿಯ ಮುಂದೆ ಇದ್ದದ್ದು ಎರಡೇ ದಾರಿ: ಲೀಟರಿಗೆ ಮೂರ್ನಾಲ್ಕು ರೂಪಾಯಿ ಹೆಚ್ಚಿಗೆ ಮಾರುವುದು, ಇಲ್ಲವೇ ಟ್ಯಾಂಕರ್ ಕಳುಹಿಸದೆ ಸುಮ್ಮನಿರುವುದು. ಎರಡನ್ನೂ ಮಾಡಿತು. ಬೆಳಿಗ್ಗೆ ಆರಕ್ಕೆ ನೆಲದಡಿಯ ಟ್ಯಾಂಕಿಗೆ ಅಳತೆ ಕೋಲು ಇಳಿಸಿ ಎತ್ತಿದರೆ ತುದಿಯಲ್ಲಿ ನಾಲ್ಕು ಬೆರಳಷ್ಟೇ ಒದ್ದೆ. ಕಾಯಂ ಗಿರಾಕಿಗಳಾದ ಸಿಮೆಂಟ್ ಲಾರಿಯವರು ಹಾರ್ನ್ ಹೊಡೆದು, ಕೈಬೀಸಿ ಮುಂದೆ ಹೋಗುತ್ತಿದ್ದರು. ಏಳು ಹುಡುಗರಿಗೆ ಮೂರು ತಿಂಗಳು ಕೈಯಿಂದ ಪಗಾರ ಕೊಟ್ಟೆ. ಬಂಕ್ ತೆರೆದಿಟ್ಟು ಸಮಂಜಸ ದರಕ್ಕೆ ಮಾರಲೇಬೇಕು ಎಂದು ಕೇಂದ್ರ ಆ ಜೂನ್‌ನಲ್ಲಿ ನಿಯಮ ಬಿಗಿ ಮಾಡಿತು, ಸರಿ. ಅದರಿಂದ ನನ್ನ ಟ್ಯಾಂಕ್ ತುಂಬಲಿಲ್ಲ. 2008ರಲ್ಲೂ ಹೀಗೆಯೇ ಆಗಿತ್ತು. ಸಬ್ಸಿಡಿಯ ಆಸರೆ ಸರ್ಕಾರಿ ಕಂಪನಿಗಳಿಗಷ್ಟೇ ಇದ್ದಾಗ ರಿಲಯನ್ಸ್ ಸಾವಿರಕ್ಕೂ ಹೆಚ್ಚು ಬಂಕ್ ಮುಚ್ಚಿತ್ತು.

ಬೇಡವೇ ಬೇಡ ಎನ್ನುತ್ತಿಲ್ಲ. 2023ರಲ್ಲಿ ತೈಲ ಇಳಿದಾಗ ನಮ್ಮ ಕಂಪನಿಯೇ ಲೀಟರಿಗೆ ಒಂದು ರೂಪಾಯಿ ಕಡಿಮೆಗೆ ಮಾರಿತು. ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದವು. ಆರು ತಿಂಗಳು ಗಿರಾಕಿ ಇಲ್ಲದೆ ತಡೆಯುವಷ್ಟು ಗಂಟು ಕೈಯಲ್ಲಿದ್ದರೆ ಮಾತ್ರ ಇಳಿ. ಸಾಲ ಎತ್ತಿ ಮಾಡುವುದಾದರೆ ಅಪ್ಪನ ಮಾತು ಕೇಳು.

ಬೀದರಿನಿಂದ:
ನನ್ನವು ಮೂರು ಲಾರಿ. ತೆಲಂಗಾಣದಲ್ಲಿ ಡೀಸೆಲ್ ನಮಗಿಂತ ತುಟ್ಟಿ. ಹೈದರಾಬಾದಿಗೆ ಹೋಗುವವನು ಗಡಿಗೆ ಮೊದಲು, ಜಹೀರಾಬಾದ್ ಕಡೆಯಿಂದ ಬರುವವನು ಗಡಿ ದಾಟಿದ ಮೇಲೆ ಟ್ಯಾಂಕ್ ತುಂಬಿಸುತ್ತಾನೆ. ನಿಮ್ಮ ಜಾಗಕ್ಕೆ ಅದೇ ಬಲ, ಯಾವ ಕಂಪನಿಯಾದರೂ ಸರಿ. ಜಮೀನು ರಸ್ತೆಯ ಯಾವ ಬದಿಗಿದೆ?

ಕಲಬುರಗಿಯ ವಕೀಲರು:
ವಿದೇಶಿ ಪಾಲು ಯಾರದ್ದು ಎಂದು ಮೊದಲು ವಿಚಾರಿಸಿ. ಬಂಕ್ ನಡೆಸುವ ಖಾಸಗಿ ಕಂಪನಿ ನಯಾರಾದಲ್ಲಿ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್ ಪಾಲು ಶೇ 49.13. ಅದೇ ನಂಟಿನಿಂದ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ನಯಾರಾದ ಮೇಲೆ ನಿರ್ಬಂಧ ಹೇರಿತು. ಹಿಂದೆ ವಿದೇಶಿ ಕಂಪನಿಗಳಾದ ಎಸ್ಸೊ 1974ರಲ್ಲಿ, ಬರ್ಮಾ ಶೆಲ್ 1976ರಲ್ಲಿ ಸರ್ಕಾರದ ವಶವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ, ಭಾರತ್ ಪೆಟ್ರೋಲಿಯಂ ಆದವು. ಬೋರ್ಡು ಬದಲಾಗುತ್ತಲೇ ಇರುತ್ತದೆ, ಗುತ್ತಿಗೆ ಮಾತ್ರ ಹತ್ತಿಪ್ಪತ್ತು ವರ್ಷ ನಿಮ್ಮ ಹೊಲವನ್ನು ಹಿಡಿದಿಡುತ್ತದೆ. ಕಂಪನಿ ಪೂರೈಕೆ ನಿಲ್ಲಿಸಿದ ತಿಂಗಳೂ ನೆಲಬಾಡಿಗೆ ಬರುತ್ತದೆಯೇ? ಬಿಟ್ಟುಹೋಗುವಾಗ ನೆಲದಡಿಯ ಟ್ಯಾಂಕ್ ಯಾರು ತೆಗೆಸಬೇಕು? ಈ ಎರಡಕ್ಕೂ ಉತ್ತರ ಪತ್ರದಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಸಹಿಗೆ ಮೊದಲು ಕರಡನ್ನು ನನಗೆ ತೋರಿಸಿ, ಓದಿ ಹೇಳುತ್ತೇನೆ.