ಒದ್ದೆ ಮರಳಿಗೆ ಯಾವ ಡಿಟೆಕ್ಟರ್? ಮಲ್ಟಿ-ಫ್ರೀಕ್ವೆನ್ಸಿ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಹಳೇ ನಾಣ್ಯ, ಉಂಗುರ ಹುಡುಕುವುದು ನನ್ನ ಹವ್ಯಾಸ. ಈಗ ಇರುವುದು ಒಂದೇ ಫ್ರೀಕ್ವೆನ್ಸಿಯ ಮೆಟಲ್ ಡಿಟೆಕ್ಟರ್ (ಲೋಹ ಪತ್ತೆ ಯಂತ್ರ). ಹೊಲದಲ್ಲಿ ಚೆನ್ನಾಗಿಯೇ ಇದೆ. ಆದರೆ ಸಮುದ್ರ ತೀರದ ಒದ್ದೆ ಮರಳಿಗೆ ಇಳಿದರೆ ಸುಮ್ಸುಮ್ನೆ ಕೂಗುತ್ತದೆ. ಮೈನ್‌ಲ್ಯಾಬ್ ಈಕ್ವಿನಾಕ್ಸ್ 900, ಮೈನ್‌ಲ್ಯಾಬ್ ಮ್ಯಾಂಟಿಕೋರ್, ಎಕ್ಸ್‌ಪಿ ಡಿಯಸ್ 2, ನೋಕ್ಟಾ ಲೆಜೆಂಡ್, ಈ ನಾಲ್ಕರಲ್ಲಿ ಯಾವುದು ಜಾಸ್ತಿ ಆಳಕ್ಕೆ ಹೋಗುತ್ತದೆ ಸರ್?

ಉತ್ತರ: ಆಳದ ವಿಷಯ ಮೊದಲು ಮುಗಿಸಿಬಿಡೋಣ. ಒಂದೇ ಅಳತೆಯ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ) ಹಾಕಿ ಸಾಧಾರಣ ಮಣ್ಣಿನಲ್ಲಿ ಓಡಿಸಿದರೆ ಈ ನಾಲ್ಕರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕಾಯಿಲ್ ಎಷ್ಟು ಅಗಲ, ಮಣ್ಣಿನಲ್ಲಿ ಕಬ್ಬಿಣದ ಖನಿಜ ಎಷ್ಟು, ನಾಣ್ಯ ಮಲಗಿದೆಯಾ ನೆಟ್ಟಗೆ ನಿಂತಿದೆಯಾ, ಆಳವನ್ನು ತೀರ್ಮಾನಿಸುವುದು ಹೆಚ್ಚಾಗಿ ಇವೇ. ನಿಮ್ಮ ತೊಂದರೆ ಆಳದ್ದಲ್ಲ, ಉಪ್ಪಿನದ್ದು. ಅದಕ್ಕೆ ಮಲ್ಟಿ-ಫ್ರೀಕ್ವೆನ್ಸಿ, ಅಂದರೆ ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವುದು, ನಿಜವಾಗಿಯೂ ಮದ್ದು.

ಯಾಕೆ ಅಂತ ಹೇಳುತ್ತೇನೆ. ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಹಾಗಾಗಿ ಒದ್ದೆ ಮರಳೇ ಡಿಟೆಕ್ಟರ್‌ಗೆ ಒಂದು ತೆಳು ಲೋಹದ ಹಾಗೆ ಕಾಣುತ್ತದೆ. ಅದರ ಜೊತೆ ಕಪ್ಪು ಮರಳಿನಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಖನಿಜ ಇರುತ್ತದೆ, ಅದರ ಸಿಗ್ನಲ್ ಬೇರೆಯೇ. ಒಂದೇ ಫ್ರೀಕ್ವೆನ್ಸಿಯ ಯಂತ್ರದಲ್ಲಿ ಗ್ರೌಂಡ್ ಬ್ಯಾಲೆನ್ಸ್ (ನೆಲದ ಸಿಗ್ನಲ್ ಕಳೆಯುವ ಹೊಂದಾಣಿಕೆ) ಮಾಡಿ ಇವೆರಡರಲ್ಲಿ ಒಂದನ್ನು ಸುಮ್ಮನಾಗಿಸಬಹುದು. ಎರಡನ್ನೂ ಒಟ್ಟಿಗೆ ಆಗುವುದಿಲ್ಲ. ಆದರೆ ಫ್ರೀಕ್ವೆನ್ಸಿ ಬದಲಾದಾಗ ಉಪ್ಪಿನ ಸಿಗ್ನಲ್ ತುಂಬಾ ಬದಲಾಗುತ್ತದೆ, ಮ್ಯಾಗ್ನೆಟೈಟ್‌ದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಎರಡು ಮೂರು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೆ ಕೇಳಿಸಿಕೊಳ್ಳುವ ಯಂತ್ರ ಈ ವ್ಯತ್ಯಾಸ ಹಿಡಿದು ಎರಡನ್ನೂ ಕಳೆದುಬಿಡುತ್ತದೆ. ಈ ವಿದ್ಯೆ ಹೊಸದೇನಲ್ಲ, 1990ರ ದಶಕದ ಡಿಟೆಕ್ಟರ್‌ಗಳಲ್ಲೇ ಇತ್ತು. 2018ರಲ್ಲಿ ಬಂದ ಈಕ್ವಿನಾಕ್ಸ್ ಅದನ್ನು ಹಗುರವಾದ, ವೇಗವಾದ, ನೀರಿಗೆ ಇಳಿಸಬಹುದಾದ ಯಂತ್ರಕ್ಕೆ ತಂದಿತು. ಆಮೇಲೆ ಬೇರೆ ಹಲವು ಕಂಪನಿಗಳೂ ಆ ದಾರಿ ಹಿಡಿದವು.

ಒಂದು ಎಚ್ಚರ. ತೆಳ್ಳನೆಯ ಚಿನ್ನದ ಸರದ ಸಿಗ್ನಲ್ ಉಪ್ಪಿನ ಸಿಗ್ನಲ್‌ಗೆ ತುಂಬಾ ಹತ್ತಿರ. ಬೀಚ್ ಮೋಡ್ ಉಪ್ಪನ್ನು ಕಳೆಯುವಾಗ ಆ ಸರವನ್ನೂ ಸ್ವಲ್ಪ ನುಂಗಿಹಾಕುತ್ತದೆ. ದಪ್ಪ ಉಂಗುರ ಸಿಗುತ್ತದೆ, ಎಳೆಯಂಥ ಸರ ತಪ್ಪಿಹೋಗುತ್ತದೆ. ಯಾವ ಬ್ರ್ಯಾಂಡ್ ತಗೊಂಡರೂ ಇದು ಇದ್ದದ್ದೇ. ಒಣ ಮರಳಿಗೆ ಬಂದ ಕೂಡಲೇ ಮೋಡ್ ಬದಲಿಸಿ.

ಈಗ ನಾಲ್ಕರ ಮಾತು. ಸೊಂಟದ ಮಟ್ಟದ ನೀರಿನವರೆಗೆ ಹೋಗುವವರಿಗೆ ನಾಲ್ಕೂ ಸಾಕು. ಲೆಜೆಂಡ್ 3 ಮೀಟರ್ ನೀರು ತಡೆಯುತ್ತದೆ, ಈಕ್ವಿನಾಕ್ಸ್ 900 ಮತ್ತು ಮ್ಯಾಂಟಿಕೋರ್ 5 ಮೀಟರ್, ಡಿಯಸ್ 2 ಮಾತ್ರ 20 ಮೀಟರ್. ಮುಳುಗಿ ಹುಡುಕುವವರಾದರೆ ಅಲ್ಲಿಗೇ ಆಯ್ಕೆ ಮುಗಿಯಿತು. ಆದರೆ ಡಿಯಸ್‌ನ ಕಾಯಿಲ್ ವೈರ್‌ಲೆಸ್, ರೇಡಿಯೋ ಸಿಗ್ನಲ್ ನೀರಿನಲ್ಲಿ ಸಾಗುವುದಿಲ್ಲ. ಅದಕ್ಕೇ ಕಾಯಿಲ್‌ನಿಂದ ರಿಮೋಟ್‌ವರೆಗೆ ಆಂಟೆನಾ ವೈರ್ ಕಟ್ಟಿಕೊಳ್ಳಬೇಕು. ಅದನ್ನು ಮರೆತು ನೀರಿಗೆ ಇಳಿದರೆ ಏನೂ ಕೇಳಿಸುವುದಿಲ್ಲ. ಕೈಗೆ ಅತಿ ಹಗುರ ಕೂಡ ಡಿಯಸ್ಸೇ. ಮ್ಯಾಂಟಿಕೋರ್‌ನ ಪರದೆಯಲ್ಲಿ ಸಿಗ್ನಲ್ ಒಂದು ನಕ್ಷೆಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ಒಳ್ಳೆ ಲೋಹ ನಡುವೆ ಗಟ್ಟಿಯಾಗಿ ಕೂರುತ್ತದೆ, ಕಬ್ಬಿಣ ಮೇಲೆ ಕೆಳಗೆ ಚೆದುರುತ್ತದೆ. ನಿಮಗೆ ನನ್ನ ಸಲಹೆ ಈಕ್ವಿನಾಕ್ಸ್ 900 ಅಥವಾ ಲೆಜೆಂಡ್. ಹೊಲ ಮತ್ತು ತೀರ ಎರಡಕ್ಕೂ ಅಷ್ಟು ಸಾಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ತೀರಕ್ಕೆ ಹೋಗುವುದೇ ಇಲ್ಲ. ನನಗೆ ಅನುಮತಿ ಸಿಕ್ಕಿರುವುದು ಒಂದು ಹಳೇ ಮನೆ ಬಿದ್ದುಹೋದ ಜಾಗ. ಎಲ್ಲಿ ನೋಡಿದರೂ ಮೊಳೆ. ಮಲ್ಟಿ ತಗೊಂಡರೆ ಉಪಯೋಗ ಇದೆಯಾ?

ಉತ್ತರ: ಅನುಮತಿ ಕೇಳಿ ಹೋಗುತ್ತಿದ್ದೀರಲ್ಲ, ತುಂಬಾ ಸಂತೋಷ. ಜಾಗದ ಮಾಲೀಕರ ಒಪ್ಪಿಗೆ ಜೊತೆಗೆ ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಅಂತಲೂ ನೋಡಿಕೊಳ್ಳಿ. ಕೆಲವು ಕಡೆ ಸಿಕ್ಕ ವಸ್ತುವನ್ನು ಸರ್ಕಾರಕ್ಕೆ ತಿಳಿಸಲೇಬೇಕು.

ಉಪಯೋಗ ಇದೆ, ಆದರೆ ಅಲ್ಲಿ ಗೆಲ್ಲಿಸುವುದು ಫ್ರೀಕ್ವೆನ್ಸಿಯಲ್ಲ. ರಿಕವರಿ ಸ್ಪೀಡ್, ಅಂದರೆ ಒಂದು ಸಿಗ್ನಲ್ ಮುಗಿಸಿ ಪಕ್ಕದ್ದಕ್ಕೆ ಎಷ್ಟು ಬೇಗ ತಯಾರಾಗುತ್ತದೆ ಅನ್ನುವುದು. ಇದರಲ್ಲಿ ಡಿಯಸ್ 2 ತುಂಬಾ ಚುರುಕು. ಇನ್ನೊಂದು, ಚಿಕ್ಕ ಕಾಯಿಲ್. 11 ಇಂಚಿನ ಕಾಯಿಲ್ ಕೆಳಗೆ ನಾಲ್ಕು ಮೊಳೆ ಒಂದು ನಾಣ್ಯ ಒಟ್ಟಿಗೆ ಬಂದರೆ ಯಂತ್ರ ಏನು ಮಾಡಬೇಕು ಹೇಳಿ! ನಿಮ್ಮ ಯಂತ್ರಕ್ಕೆ ಸಿಗುವ ಚಿಕ್ಕ ಕಾಯಿಲ್ ಹಾಕಿ, ನಿಧಾನಕ್ಕೆ ಬೀಸಿ.

ತುಕ್ಕು ಹಿಡಿದ ಅಗಲ ಕಬ್ಬಿಣ ಬೆಳ್ಳಿಯ ಹಾಗೆ ಎತ್ತರದ ಕೀಚು ದನಿ ಕೊಟ್ಟು ಆಸೆ ಹುಟ್ಟಿಸುತ್ತದೆ. ಅಂಥ ಕಡೆ ಜಾಗ ಬಿಡದೆ 90 ಡಿಗ್ರಿ ತಿರುಗಿ ಇನ್ನೊಮ್ಮೆ ಬೀಸಿ. ನಾಣ್ಯವಾದರೆ ದನಿಯೂ ಪರದೆಯ ಮೇಲಿನ ನಂಬರ್ರೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತವೆ. ಕಬ್ಬಿಣವಾದರೆ ದನಿ ಒಡೆಯುತ್ತದೆ, ಇಲ್ಲವೇ ಗುರಿ ಪಕ್ಕಕ್ಕೆ ಸರಿದಂತೆ ಆಗುತ್ತದೆ. ಐರನ್ ಬಯಾಸ್ (ಅನುಮಾನದ ಸಿಗ್ನಲ್ ಅನ್ನು ಕಬ್ಬಿಣ ಅಂತ ಪರಿಗಣಿಸುವ ಸೆಟ್ಟಿಂಗ್) ಪೂರ್ತಿ ಏರಿಸಬೇಡಿ. ಮೊಳೆಗೆ ಅಂಟಿಕೊಂಡ ನಾಣ್ಯವೂ ಅದರ ಜೊತೆ ಮಾಯವಾಗುತ್ತದೆ.

ಪ್ರಶ್ನೆ: ಹಾಗಾದರೆ ಮಲ್ಟಿ ಇರುವಾಗ ಸಿಂಗಲ್ ಫ್ರೀಕ್ವೆನ್ಸಿ ಆಯ್ಕೆ ಯಾಕೆ ಕೊಡುತ್ತಾರೆ?

ಉತ್ತರ: ಮುಖ್ಯವಾಗಿ ವಿದ್ಯುತ್ ತಂತಿಗಳ ಕಾಟಕ್ಕೆ. ಮೊದಲು ನಾಯ್ಸ್ ಕ್ಯಾನ್ಸಲ್ (ಅಡ್ಡಿ ಕಮ್ಮಿ ಇರುವ ಚಾನೆಲ್ ಹುಡುಕುವ ಸೌಲಭ್ಯ) ಮಾಡಿ, ಆಮೇಲೆ ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ. ಆಗಲೂ ಕಿರಿಕಿರಿ ನಿಲ್ಲದಿದ್ದರೆ ಒಂದು ಫ್ರೀಕ್ವೆನ್ಸಿಗೆ ಬನ್ನಿ. ದಪ್ಪ ಬೆಳ್ಳಿ, ತಾಮ್ರಕ್ಕೆ 4 ಅಥವಾ 5 ಕಿಲೋಹರ್ಟ್ಸ್, ಸಣ್ಣ ಚಿನ್ನದ ಚೂರಿಗೆ 40.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದ ಸರ್. ವಿಡಿಯೋಗಳಲ್ಲಿ ಕೈಯಲ್ಲಿ ನಾಣ್ಯ ಹಿಡಿದು ಕಾಯಿಲ್ ಮುಂದೆ ಆಡಿಸಿ ಹೋಲಿಸುತ್ತಾರೆ. ನಂಬಬಹುದಾ?

ಉತ್ತರ: ಗಾಳಿಯಲ್ಲಿ ಖನಿಜವೂ ಇಲ್ಲ, ಉಪ್ಪೂ ಇಲ್ಲ, ಮೊಳೆಯೂ ಇಲ್ಲ. ಯಂತ್ರಕ್ಕೆ ಕಷ್ಟ ಕೊಡುವುದೇ ಅವು ಅಲ್ವಾ? ಹೊಸದಾಗಿ ಅಗೆದು ನಾಣ್ಯ ಹೂತರೂ ಮಣ್ಣಿನ ಪದರ ಕಲಸಿಹೋಗಿರುತ್ತದೆ, ಅದೂ ಸರಿಯಾದ ಪರೀಕ್ಷೆಯಲ್ಲ.

ನಿಜವಾಗಿ ಹೋಲಿಸಬೇಕಾದರೆ, ಗೆಳೆಯರ ಹತ್ತಿರ ಹೊಸ ಯಂತ್ರ ಇದ್ದರೆ ಜೊತೆಯಲ್ಲಿ ಹೋಗಿ. ನಿಮ್ಮ ಹಳೇ ಡಿಟೆಕ್ಟರ್‌ನಲ್ಲಿ ಅನುಮಾನದ, ಕ್ಷೀಣ ಸಿಗ್ನಲ್ ಬಂದರೆ ಅಗೆಯಬೇಡಿ. ಗುರುತು ಇಡಿ, ಅದರ ಮೇಲೆ ಹೊಸದನ್ನು ಬೀಸಿ. ಎರಡೂ ಏನು ಹೇಳಿದವು ಬರೆದುಕೊಂಡು ಆಮೇಲೆ ಅಗೆಯಿರಿ, ಗುಂಡಿ ಮುಚ್ಚಿ. ಜಳ್ಳು ಸಿಗ್ನಲ್‌ಗಳನ್ನೂ ಬರೆಯಿರಿ. ಒಂದು ಯಂತ್ರ ಓಡುವಾಗ ಇನ್ನೊಂದು ಪೂರ್ತಿ ಆಫ್ ಇರಲಿ, ಹತ್ತಿರದಲ್ಲಿ ಎರಡೂ ಆನ್ ಇದ್ದರೆ ಒಂದಕ್ಕೊಂದು ಅಡ್ಡಿ ಮಾಡುತ್ತವೆ. ಆಫ್ ಮಾಡಿದ್ದನ್ನು ನಾಲ್ಕು ಹೆಜ್ಜೆ ದೂರದಲ್ಲಿ ಇಡಿ, ಅದರ ಕಾಯಿಲ್ ಕೂಡ ಲೋಹವೇ.