ಫೌಂಡ್ರಿ ಪ್ರಶ್ನೋತ್ತರ, ಬೆಳಗಾವಿ: ಕಾರಿನ ಎರಕ, ತುಟ್ಟಿ ಮಾಲು, ತಡವಾದ ಬಿಲ್ಲು

ಮೆಲ್ಟಿಂಗ್ ಸೂಪರ್‌ವೈಸರ್, ಉದ್ಯಮಬಾಗ: ನಮಸ್ಕಾರ ಸರ್. ಕಾರಿನ ಸ್ಟೀರಿಂಗ್ ನಕಲ್ (ಗಾಲಿ ಹಿಡಿದು ತಿರುಗಿಸೋ ಭಾಗ), ಎಸ್‌ಜಿ ಐರನ್ (ಒಳಗ ಗ್ರಾಫೈಟ್ ಗುಂಡಗಿರೋ ಎರಕದ ಕಬ್ಬಿಣ). ಗಿರಾಕಿ ರೇಟ್ ಇಳಿಸ್ಯಾರ, ಎಫ್‌ಎಸ್‌ಎಂ (ಫೆರೋ ಸಿಲಿಕಾನ್ ಮೆಗ್ನೀಷಿಯಂ) ತುಟ್ಟಿ ಆಗೇತಿ. 500 ಕಿಲೋ ಲ್ಯಾಡಲ್‌ಗೆ (ಕರಗಿದ ಲೋಹ ಸುರಿಯೋ ಪಾತ್ರೆ) 7.5 ಕಿಲೋ ಹಾಕ್ತಿದ್ವಿ, ಈಗ 5.5. ಕಡೀ ನಾಲ್ಕು ಮರಳಿನ ಬಾಕ್ಸಿನ ಪೀಸ್ ಎಲಾಂಗೇಶನ್‌ನಾಗ (ಎಳೆದರ ಎಷ್ಟು ಹಿಗ್ಗತೈತಿ ಅನ್ನೋ ಟೆಸ್ಟ್) ಫೇಲ್. ಸುರಿಯಾಕ 14 ನಿಮಿಷ ಹಿಡೀತೈತಿ. ಮರಳಿನ ತಪ್ಪೇನ್ರಿ?

ಲೋಹತಜ್ಞ: ಮರಳಲ್ಲ, ಮೆಗ್ನೀಷಿಯಂ ಹಾರೇತಿ. ಮೊದಲು ಆ ಹೀಟಿನ (ಒಂದು ಸಲ ಕರಗಿಸಿದ ಲೋಹದ) ಪೀಸ್ ಎಲ್ಲಾ ತಡೀರಿ. ಕಳಿಸಿದ್ದರ ಗಿರಾಕಿಗೆ ಇವತ್ತೇ ಹೇಳ್ರಿ. ನಕಲ್ ಮುರಿದರ ಗಾಡಿ ಹಿಡಿತಕ್ಕ ಸಿಗೂದಿಲ್ಲ. ಪೀಸಿನಾಗ 0.035ರಿಂದ 0.045% ಮೆಗ್ನೀಷಿಯಂ ಉಳೀಬೇಕು. ಟ್ರೀಟ್‌ಮೆಂಟ್ (ಎಫ್‌ಎಸ್‌ಎಂ ಹಾಕೂದು) ಆದಮ್ಯಾಲೆ ಅದು ನಿಮಿಷಕ್ಕ ನಿಮಿಷಕ್ಕ ಇಳೀತೈತಿ, ಗ್ರಾಫೈಟ್ ಗುಂಡಗ ಕೂಡೂದು ಬಿಟ್ಟು ಹುಳದಂಗ ಉದ್ದಾಗತೈತಿ. 8 ನಿಮಿಷದಾಗ ಮುಗಿಸ್ರಿ, ಆಗದಿದ್ದರ 250 ಕಿಲೋದಂಗ ಎರಡು ಸಲ ಟ್ರೀಟ್ ಮಾಡ್ರಿ. ಎಫ್‌ಎಸ್‌ಎಂ ಉಳಿಸಬೇಕಂದ್ರ ಗಂಧಕ 0.015%ರ ಕೆಳಗ ಇಡ್ರಿ, ಮೆಗ್ನೀಷಿಯಂ ಮೊದಲು ತಿನ್ನೂದು ಅದೇ. ಲ್ಯಾಡಲ್ ತಳದ ಗುಂಡ್ಯಾಗ ಎಫ್‌ಎಸ್‌ಎಂ ಹಾಕಿ, ಮ್ಯಾಲೆ ಒಣಾ ಸ್ಟೀಲ್ ಪಂಚಿಂಗ್ (ತಗಡಿನ ಚೂರು) ಮುಚ್ಚರಿ. 1500 ಡಿಗ್ರಿ ದಾಟಿಸಬ್ಯಾಡ್ರಿ. ಸ್ಯಾಂಪಲ್ ಕಡೀ ಲೋಹದ್ದೇ ತಗೀರಿ.

ಮಷೀನ್ ಶಾಪ್, ಮಚ್ಛೆ: ಫಾರ್ವರ್ಡ್ ಬಂದೈತಿ: ಚೀನಾ ರೇರ್ ಅರ್ತ್ (ವಿರಳ ಧಾತು) ಕಳಿಸೂದು ನಿಲ್ಲಿಸಿದ್ದಕ್ಕ ಎಫ್‌ಎಸ್‌ಎಂ ಸಿಗೂದಿಲ್ಲ, ಹಳೇ ಮೆಗ್ನೀಷಿಯಂ ಚೂರು ಲ್ಯಾಡಲ್‌ಗೆ ಒಗದ್ರ ಸಾಕಂತ.

ಲೋಹತಜ್ಞ: ಅದನ್ನ ಅಳಸ್ರಿ, ಮುಂದ ಕಳಸಬ್ಯಾಡ್ರಿ! ಮೆಗ್ನೀಷಿಯಂ 1090 ಡಿಗ್ರಿಗೇ ಕುದೀತೈತಿ, ಲೋಹ 1450ರ ಮ್ಯಾಲಿರತೈತಿ. ಒಗದ ಕೂಡಲೇ ಲೋಹ ಸಿಡಿದು ಲ್ಯಾಡಲ್ ಹಿಡಿದವನ ಮಾರಿಗೆ ಬಡೀತೈತಿ. ಚೀನಾ 2025ರ ಏಪ್ರಿಲ್‌ನಾಗ ನಿರ್ಬಂಧ ಹಾಕಿದ್ದು ಡಿಸ್ಪ್ರೋಸಿಯಂ, ಟರ್ಬಿಯಂನಂಥ 7 ಧಾತುಗಳಿಗೆ. ಅದರ ಪೆಟ್ಟು ಬಿದ್ದದ್ದು ಮೋಟರಿನ ಮ್ಯಾಗ್ನೆಟ್‌ಗೆ. ಎಫ್‌ಎಸ್‌ಎಂನಾಗ ಸಾಮಾನ್ಯವಾಗಿ ಇರೋ ಸೀರಿಯಂ, ಲ್ಯಾಂಥನಂ ಆ ಪಟ್ಟಿಯಾಗಿಲ್ಲ.

ಸಣ್ಣ ಫೌಂಡ್ರಿ ಮಾಲೀಕ: ಬಿಲ್ಲು 90 ದಿನಾ ಆದರೂ ಬಂದಿಲ್ಲರಿ.

ಲೋಹತಜ್ಞ: ಮೂರನೇ ಸಲ ಬರೀತೇನಿ. ಸಣ್ಣ ಉದ್ದಿಮೆಗೆ ಬರವಣಿಗೆ ಒಪ್ಪಂದ ಇದ್ದರ ಹೆಚ್ಚಂದ್ರ 45 ದಿನ, ಇಲ್ಲದಿದ್ದರ 15. ಉದ್ಯಮ್ ನೋಂದಣಿ ಇಟ್ಟು, ಬಾಕಿ ಬಿಲ್ಲಿನ ದೂರು ತಗೋಳೋ ಸರ್ಕಾರಿ ಪೋರ್ಟಲ್‌ನಾಗ ದೂರು ಹಾಕ್ರಿ.

ಪ್ಯಾಟರ್ನ್ ಶಾಪ್: ಹಾಕಿದ ಮರುದಿನ ಆರ್ಡರ್ ಬಂದ್ ಆದರ?

ಮಷೀನ್ ಶಾಪ್, ಮಚ್ಛೆ: ಆರ್ಡರ್ ಹೆಂಗೂ ಹೋಗತಾವು. ಇವಿ ಬಂದ್ರ ಫೌಂಡ್ರಿ ಮುಗೀತು.

ಪ್ಯಾಟರ್ನ್ ಶಾಪ್: ಏನ್ ಮುಗೀತು? ಎಂಜಿನ್ನಿನ ಬ್ಲಾಕ್, ಹೆಡ್, ಮ್ಯಾನಿಫೋಲ್ಡ್ ಹೋಗತಾವು. ಬ್ರೇಕ್ ಡಿಸ್ಕ್ ಇವಿಗೂ ಬೇಕು.

ಮಷೀನ್ ಶಾಪ್, ಮಚ್ಛೆ: ನಕಲ್ ಅಲ್ಯೂಮಿನಿಯಂ ಆಗಾಕತ್ತಾವು, ಕಣ್ಣ ತಗದು ನೋಡ್ರಿ.

ಪ್ಯಾಟರ್ನ್ ಶಾಪ್: ಮೆಗ್ನೀಷಿಯಂ ಒಗೀರಿ ಅಂದವರು ನಮಗ ಕಣ್ಣ ತಗೀರಿ ಅಂತೀರಿ!

ಬಾಗಲಕೋಟೆಯವರು: ಅಮೆರಿಕಾ 2025ರ ಮೇ 3ರಿಂದ ಕಾರಿನ ಬಿಡಿಭಾಗಕ್ಕ 25% ಸುಂಕ ಹಾಕೇತಿ. ಅದನ್ನ ಗಿರಾಕಿ ನಮ್ಮ ರೇಟಿನಾಗ ಮುರಕೋಬಹುದೇನ್ರಿ?

ಮೆಲ್ಟಿಂಗ್ ಸೂಪರ್‌ವೈಸರ್, ಉದ್ಯಮಬಾಗ: ಸರ್, 60 ಪೀಸ್ ಹೋದ ವಾರನ ಹೋಗ್ಯಾವು. ಮಾಲೀಕರು ಸುಮ್ಮನಿರು ಅಂತಾರ.

ಲೋಹತಜ್ಞ: ಸುಮ್ಮನಿರಬ್ಯಾಡ್ರಿ. ಹೀಟ್ ನಂಬರ್ ತಗೊಂಡು ಈಗ ನನಗ ಫೋನ್ ಹಚ್ಚರಿ. ಮಾಲೀಕರ ಜೋಡಿ ನಾನು ಮಾತಾಡ್ತೇನಿ.